ಚಿಪ್ ಒಂದೇ, ಆದರೂ ರೂಟ್ ಎಕ್ಸ್‌ಪ್ಲಾಯ್ಟ್ ಓಡಿಸಿದರೆ ಫೋನ್ ರೀಬೂಟ್ ಆಗುತ್ತಿದೆ

ಹಳೇಫೋನ್: ಎಲ್ಲರಿಗೂ ನಮಸ್ಕಾರ. ಫೋನ್ ರೂಟ್ ಮಾಡೋಣ (ಪೂರ್ತಿ ಅಧಿಕಾರ ಪಡೆಯೋಣ) ಅಂತ, ಪಿಕ್ಸೆಲ್ 2ಗೆ ಬರೆದಿದ್ದ ಎಕ್ಸ್‌ಪ್ಲಾಯ್ಟ್, ಅಂದರೆ ದೋಷ ಬಳಸಿ ಒಳನುಗ್ಗುವ ಕೋಡ್, ನನ್ನ ಹಳೆಯ ಫೋನಿನಲ್ಲಿ ಓಡಿಸಿ ನೋಡಿದೆ. ದೋಷ ಇರೋದು ಆಂಡ್ರಾಯ್ಡ್ ಪ್ರೋಸೆಸ್‌ಗಳು ಒಂದಕ್ಕೊಂದು ಮಾತಾಡಿಕೊಳ್ಳುವ ಬೈಂಡರ್‌ನಲ್ಲಿ (ದೋಷಗಳ ಪಟ್ಟಿಯ ಸಂಖ್ಯೆ ಸಿವಿಇ-2019-2215). ಎರಡರಲ್ಲೂ ಸ್ನಾಪ್‌ಡ್ರಾಗನ್ 835 ಚಿಪ್, ಕರ್ನಲ್ (ಸಿಸ್ಟಮ್‌ನ ತಿರುಳು) 4.4. ಆದರೂ ಕೆಲವು ಸಲ ಸುಮ್ನೆ ನಿಂತುಬಿಡುತ್ತದೆ, ಕೆಲವು ಸಲ ಫೋನೇ ರೀಬೂಟ್. ಕೋಡ್‌ನಲ್ಲಿರುವ ಆಫ್‌ಸೆಟ್ (ಮೆಮೊರಿಯಲ್ಲಿ ಯಾವ ಜಾಗ ಅನ್ನೋ ಸಂಖ್ಯೆ) ಬದಲಾಯಿಸಿದರೆ ಸಾಕು ಅಂತಾರೆ. ಅಷ್ಟೇನಾ?

ಕರ್ನಲ್‌ಪ್ರಿಯ: ಆಫ್‌ಸೆಟ್ ಆಮೇಲೆ ನೋಡೋಣ ಸರ್. ಮೊದಲು ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ ತಾರೀಖು ಎಷ್ಟಿದೆ ನೋಡಿ. ಆಂಡ್ರಾಯ್ಡ್‌ನಲ್ಲಿ ಈ ದೋಷ ಮುಚ್ಚಿದ್ದು 2019ರ ಅಕ್ಟೋಬರ್ ಪ್ಯಾಚ್‌ನಲ್ಲಿ. ಅದರ ನಂತರದ ತಾರೀಖಿದ್ದರೆ ಯಾವ ಸಂಖ್ಯೆ ತಿದ್ದಿದರೂ ಪ್ರಯೋಜನ ಇಲ್ಲ.

ಹಳೆಯ ತಾರೀಖಿದೆ ಅಂದಮಾತ್ರಕ್ಕೆ ದೋಷ ಇದೆ ಅಂತಲೂ ಹೇಳೋಕೆ ಆಗಲ್ಲ. ಇದನ್ನು ಕರ್ನಲ್ ಕಡೆಯವರು 2018ರ ಆರಂಭದಲ್ಲೇ ಸರಿಮಾಡಿದ್ದರು, ಆಗ ಅದಕ್ಕೆ ಸಿವಿಇ ಸಂಖ್ಯೆ ಇರಲಿಲ್ಲ. ಆ ತಿದ್ದುಪಡಿ ಕೆಲವು ಫೋನ್‌ಗಳಿಗೆ ಹೋಯಿತು, ಕೆಲವಕ್ಕೆ ಹೋಗಲೇ ಇಲ್ಲ. ಪಿಕ್ಸೆಲ್ 2ರಲ್ಲಿ ದೋಷ ಉಳಿದಿತ್ತು, ಪಿಕ್ಸೆಲ್ 3ರಲ್ಲಿ ಇರಲಿಲ್ಲ.

ಈಗ ರೀಬೂಟ್ ವಿಷಯ. ಚಿಪ್ ಒಂದೇ ಆದರೆ ಕರ್ನಲ್ ಒಂದೇ ಆಗಬೇಕಿಲ್ಲ. ಪ್ರತಿ ಕಂಪನಿ ತನ್ನದೇ ಕಾನ್ಫಿಗ್ (ಏನೇನು ಸೇರಬೇಕು ಅನ್ನೋ ಆಯ್ಕೆಗಳ ಪಟ್ಟಿ) ಇಟ್ಟುಕೊಂಡು ಕಟ್ಟುತ್ತದೆ. ಕರ್ನಲ್ ಪ್ರತಿ ಪ್ರೋಸೆಸ್‌ನ ಲೆಕ್ಕ ಇಡೋದು ಟಾಸ್ಕ್ ಸ್ಟ್ರಕ್ಟ್ ಅನ್ನೋ ದೊಡ್ಡ ರಚನೆಯಲ್ಲಿ. ಅದರೊಳಗಿನ ಎಷ್ಟೋ ಫೀಲ್ಡ್‌ಗಳು ಕಾನ್ಫಿಗ್‌ನಲ್ಲಿ ಒಂದು ಆಯ್ಕೆ ಆನ್ ಇದ್ದರೆ ಮಾತ್ರ ಇರುತ್ತವೆ. ನಿಮ್ಮ ಕಂಪನಿ ಒಂದು ಡೀಬಗ್ ಆಯ್ಕೆ ಜಾಸ್ತಿ ಆನ್ ಮಾಡಿದ್ದರೆ ಸಾಕು, ಅದರ ಕೆಳಗಿನದ್ದೆಲ್ಲ ಒಂದಷ್ಟು ಬೈಟ್ ಮುಂದೆ ಸರಿಯುತ್ತದೆ. ಎಕ್ಸ್‌ಪ್ಲಾಯ್ಟ್ ಮಾತ್ರ ಹಳೆಯ ಜಾಗಕ್ಕೇ ಹೋಗಿ ಬರೆಯುತ್ತದೆ. ಅಲ್ಲಿ ಈಗ ಇನ್ಯಾವುದೋ ಪಾಯಿಂಟರ್ (ಮೆಮೊರಿ ವಿಳಾಸ) ಇದ್ದರೆ ಕರ್ನಲ್ ಪ್ಯಾನಿಕ್, ಫೋನ್ ರೀಬೂಟ್.

ಸುಮ್ನೆ ನಿಂತುಬಿಡುವುದಕ್ಕೆ ಇನ್ನೊಂದು ಕಾರಣ ಇರಬಹುದು. ಈ ದೋಷ ಯೂಸ್ ಆಫ್ಟರ್ ಫ್ರೀ (ಬಿಟ್ಟ ಮೇಲೂ ಬಳಸುವ) ಜಾತಿಯದು: ಬಿಟ್ಟುಕೊಟ್ಟ ಮೆಮೊರಿ ತುಂಡನ್ನು ಅದೇ ಅಳತೆಯ ಬೇರೊಂದರಿಂದ ತುಂಬಬೇಕು. ಆ ತುಂಡಿನ ಅಳತೆಯೇ ನಿಮ್ಮ ಕರ್ನಲ್‌ನಲ್ಲಿ ಬೇರೆಯಾದರೆ ಅದು ಬೇರೆ ಅಳತೆಯ ಗುಂಪಿನಿಂದ ಬರುತ್ತದೆ, ತುಂಬಿದ್ದು ಆ ಜಾಗಕ್ಕೆ ಬೀಳುವುದೇ ಇಲ್ಲ.

ಹಳೇಫೋನ್: ಪ್ಯಾಚ್ ತಾರೀಖು 2020ರ ಫೆಬ್ರವರಿ ಅಂತಿದೆ.

ಕರ್ನಲ್‌ಪ್ರಿಯ: ಹಾಗಾದ್ರೆ ಈ ದಾರಿ ಮುಗೀತು. ತೆರೆದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ಇಂಥ ರೂಟ್ ರೀಬೂಟ್ ಮಾಡಿದರೆ ಹೋಗುತ್ತದೆ. ಯುಐಡಿ 0 (ರೂಟ್ ಬಳಕೆದಾರನ ಸಂಖ್ಯೆ) ಸಿಕ್ಕಿದ ಮೇಲೂ ಎಸ್ಇಲಿನಕ್ಸ್ ಅನ್ನೋ ಕಾವಲು ವ್ಯವಸ್ಥೆ ತಡೆಯುತ್ತದೆ. ಸಿಸ್ಟಮ್ ಪಾರ್ಟಿಷನ್ ತಿದ್ದಿದಿರೋ, ವೆರಿಫೈಡ್ ಬೂಟ್ (ಫೋನ್ ಆನ್ ಆಗುವಾಗಿನ ತಪಾಸಣೆ) ಎದ್ದು ನಿಲ್ಲುತ್ತದೆ. ಯಾರೋ ಹಾಕಿದ ಎಕ್ಸ್‌ಪ್ಲಾಯ್ಟ್ ಬೈನರಿ ಓಡಿಸೋದಂತೂ ಬೇಡವೇ ಬೇಡ.

ಬೂಟ್‌ಲೋಡರ್ (ಸಿಸ್ಟಮ್ ಶುರುಮಾಡುವ ಪ್ರೋಗ್ರಾಮ್) ಅನ್‌ಲಾಕ್ ಆಗುತ್ತದಾ ನೋಡಿ. ಅನ್‌ಲಾಕ್ ಆಗುವುದಾದರೆ ಬೂಟ್ ಇಮೇಜನ್ನು (ಕರ್ನಲ್ ಇರುವ ಫೈಲ್) ರೂಟ್ ಕೊಡುವ ಮ್ಯಾಜಿಸ್ಕ್ ಆ್ಯಪ್‌ನಲ್ಲಿ ಪ್ಯಾಚ್ ಮಾಡಿ, ಕಂಪ್ಯೂಟರಿನ ಫಾಸ್ಟ್‌ಬೂಟ್ ಕಮಾಂಡ್‌ನಿಂದ ಹಾಕಿ. ಇಮೇಜ್ ನಿಮ್ಮ ಫೋನಿನಲ್ಲಿ ಈಗಿರುವ ಬಿಲ್ಡ್‌ನದ್ದೇ ಇರಬೇಕು. ಹತ್ತಿರದ ವರ್ಷನ್ ಸಾಕು ಅಂದುಕೊಂಡರೆ ಬೂಟ್‌ಲೂಪ್ (ರೀಬೂಟ್ ಆಗುತ್ತಲೇ ಇರೋದು) ಗ್ಯಾರಂಟಿ ಅಂದುಕೊಳ್ಳಿ. ಮೂಲ ಇಮೇಜನ್ನು ಕಂಪ್ಯೂಟರಿನಲ್ಲಿ ಇಟ್ಟಿರಿ, ಸಿಕ್ಕಿಹಾಕಿಕೊಂಡರೆ ಅದನ್ನೇ ವಾಪಸ್ ಹಾಕಬಹುದು. ಅನ್‌ಲಾಕ್ ಮಾಡಿದರೆ ಡೇಟಾ ಪೂರ್ತಿ ಅಳಿಸಿಹೋಗುತ್ತದೆ, ಮೊದಲೇ ಬ್ಯಾಕಪ್ ಮಾಡಿ.

ಸಿ‌ಭಾಷಿಗ: ರೂಟ್ ಬೇಕಿದ್ದರೆ ಮೇಲಿನದೇ ಸರಿ. ಆದರೆ ದೋಷ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಯುವ ಆಸೆ ಇದ್ದರೆ ಫೋನ್ ಬಿಡಿ, ಎಮ್ಯುಲೇಟರ್ ಹಿಡಿಯಿರಿ. ಪ್ಯಾಚ್ ಆಗದ ಕರ್ನಲನ್ನು ನೀವೇ ಕೆಎಸಾನ್ (KASAN, ಮೆಮೊರಿ ತಪ್ಪು ಹಿಡಿಯುವ ಆಯ್ಕೆ) ಆನ್ ಮಾಡಿ ಕಟ್ಟಿ. ಮೆಮೊರಿ ಎಲ್ಲಿ ಬಿಟ್ಟಿದ್ದು, ಮತ್ತೆ ಎಲ್ಲಿ ಮುಟ್ಟಿದ್ದು ಅಂತ ಲಾಗ್‌ನಲ್ಲೇ ಬರುತ್ತದೆ. ಫೋನಿನಲ್ಲಿ ಇದೆಲ್ಲ ಕುರುಡಾಗಿ ಹುಡುಕಬೇಕು. ಹೇಗೂ ಕರ್ನಲ್ ಜಿಪಿಎಲ್ ಅನ್ನೋ ಮುಕ್ತ ಪರವಾನಗಿಯದು, ಕಂಪನಿ ಮೂಲ ಕೋಡ್ ಕೊಡಲೇಬೇಕು. ನಿಮ್ಮ ಮಾಡೆಲ್‌ದು ಸಿಕ್ಕಿದರೆ ಬೈಂಡರ್ ಫೈಲಿನಲ್ಲಿ ತಿದ್ದುಪಡಿ ಬಂದಿದೆಯಾ ಅಂತ ಓದಿ ನೋಡಬಹುದು.

ಹಳೇಫೋನ್: ಸದ್ಯಕ್ಕೆ ರೂಟ್ ಸಾಕು. ಡೆವಲಪರ್ ಆಪ್ಷನ್ಸ್‌ನಲ್ಲಿ ಒಇಎಂ ಅನ್‌ಲಾಕಿಂಗ್ (ಬೂಟ್‌ಲೋಡರ್ ಅನ್‌ಲಾಕ್‌ಗೆ ಅನುಮತಿ ಕೊಡುವ ಸ್ವಿಚ್) ಒತ್ತೋಕೇ ಬರುತ್ತಿಲ್ಲ, ಬೂದು ಬಣ್ಣದಲ್ಲಿದೆ.

ಕರ್ನಲ್‌ಪ್ರಿಯ: ಒಮ್ಮೆ ವೈಫೈಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಕೆಲವು ಫೋನ್‌ಗಳು ಸರ್ವರ್‌ನಿಂದ ಅನುಮತಿ ಬರುವವರೆಗೂ ಹೀಗೇ ಇರುತ್ತವೆ. ಆಮೇಲೂ ಬೂದಾಗಿಯೇ ಇದ್ದರೆ ನೆಟ್‌ವರ್ಕ್ ಕಂಪನಿ ಮೂಲಕ ಮಾರಿದ ಲಾಕ್ ಮಾಡೆಲ್ ಇರಬಹುದು. ಪೂರ್ತಿ ಮಾಡೆಲ್ ನಂಬರ್ ಹಾಕಿ, ನೋಡೋಣ.

ಹಳೇಫೋನ್: ವೈಫೈಗೆ ಹಾಕಿದ ಮೇಲೆ ಬಂತು! ಬ್ಯಾಕಪ್ ಹಾಕಿದ್ದೇನೆ, ಅದು ಮುಗಿದ ಮೇಲೆ ಅನ್‌ಲಾಕ್ ಮಾಡುತ್ತೇನೆ.