ಅಪ್‌ಡೇಟ್: ಕಲಬುರಗಿ ತೊಗರಿ ಧಾರಣೆ ಆ್ಯಪ್, ಡೇಟಾಬೇಸ್ ಕನೆಕ್ಷನ್ ಸಮಸ್ಯೆ ಬಗೆಹರಿಯಿತು

ಹಿಂದೆ ನಾನು ಕೇಳಿದ್ದ ಪ್ರಶ್ನೆ ಇಷ್ಟೇ: ಎಪಿಎಂಸಿ ಹರಾಜಿನ ಹೊತ್ತಿಗೆ ಜನ ಒಮ್ಮೆಗೇ ಆ್ಯಪ್ ತೆರೆದರೆ ಅದರ ಡೇಟಾಬೇಸ್ ಪೋಸ್ಟ್‌ಗ್ರೆಸ್ ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ ಅಂತ ಕೈ ಎತ್ತುತ್ತಿತ್ತು. ಸಿಪಿಯುಗೆ ಮಾತ್ರ ಹೆಚ್ಚು ಕೆಲಸವೇ ಇರಲಿಲ್ಲ.

ಕಾರಣ ಬರೀ ಲೆಕ್ಕ. ಪೋಸ್ಟ್‌ಗ್ರೆಸ್ ಡೀಫಾಲ್ಟ್ ಮಿತಿ 100 ಕನೆಕ್ಷನ್, ಅದರಲ್ಲಿ 3 ಸೂಪರ್‌ಯೂಸರ್‌ಗೆ (ಡೇಟಾಬೇಸ್ ನಿರ್ವಾಹಕನಿಗೆ) ಮೀಸಲು. ಆ್ಯಪ್ ಓಡುವ ನೋಡ್‌ನ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಒಂದು ಕಂಟೈನರ್‌ಗೆ, ಅಂದರೆ ಆ್ಯಪ್‌ನ ಒಂದು ಪ್ರತಿಗೆ, 10ರವರೆಗೆ ತೆರೆಯುತ್ತದೆ. ಜನ ಹೆಚ್ಚಿದಂತೆ ಕಂಟೈನರ್ ಹೆಚ್ಚಿಸುವ ಆಟೋಸ್ಕೇಲಿಂಗ್ ಹತ್ತನೇ ಕಂಟೈನರ್ ಎಬ್ಬಿಸಿತೋ, 97 ದಾಟಿತು. ಮಿತಿ 500ಕ್ಕೆ ಏರಿಸಿ ಅಂದವರಿಗೆ: ಪ್ರತಿ ಕನೆಕ್ಷನ್ ಒಂದು ಬೇರೆ ಪ್ರೊಸೆಸ್, 1 ಜಿಬಿ ಮೆಮೊರಿಯ ಮಶೀನ್ ಅದನ್ನು ತಾಳುವುದಿಲ್ಲ.

ಆ್ಯಪ್ ಮತ್ತು ಡೇಟಾಬೇಸ್ ನಡುವೆ ಕನೆಕ್ಷನ್ ಹಂಚುವ ಪಿಜಿಬೌನ್ಸರ್ ಕೂರಿಸಿ, ಟ್ರಾನ್ಸಾಕ್ಷನ್ ಮೋಡ್‌ನಲ್ಲಿ (ಒಂದು ವಹಿವಾಟು ಮುಗಿದೊಡನೆ ಕನೆಕ್ಷನ್ ಬೇರೆಯವರಿಗೆ) ಪೂಲ್ ಸೈಜ್ 20 ಕೊಟ್ಟೆ. ಆ್ಯಪ್ ಈಗ ಪಿಜಿಬೌನ್ಸರ್‌ನ 6432 ಪೋರ್ಟ್‌ಗೆ ಹೋಗುತ್ತದೆ, ಕಂಟೈನರ್ ಪೂಲ್ 3ಕ್ಕೆ ಇಳಿದಿದೆ. ಈ ಮೋಡ್‌ನಲ್ಲಿ ಸೆಷನ್‌ಗೆ ಅಂಟಿಕೊಂಡದ್ದೆಲ್ಲ ಕೈಕೊಡುತ್ತದೆ: ಲಿಸನ್ (ಡೇಟಾಬೇಸ್‌ನ ಸೂಚನೆಗೆ ಕಾಯುವುದು), ಸೆಷನ್ ಅಡ್ವೈಸರಿ ಲಾಕ್ (ಸೆಷನ್ ಮುಗಿಯುವವರೆಗೆ ಹಿಡಿಯುವ ಬೀಗ). ಇಂಥ ಬೀಗ ಬಳಸುವ ಮೈಗ್ರೇಷನ್ (ಡೇಟಾಬೇಸ್‌ನ ರಚನೆ ಬದಲಿಸುವ ಕೆಲಸ) ಹಾಗಾಗಿ ನೇರವಾಗಿ ಪೋಸ್ಟ್‌ಗ್ರೆಸ್‌ನ 5432ಕ್ಕೇ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮೊದಲೇ ಸಿದ್ಧಮಾಡಿಟ್ಟ ಕ್ವೆರಿ) ಬಳಸುವವರಿಗೆ ಪಿಜಿಬೌನ್ಸರ್ 1.21 ಅಥವಾ ಅದರ ನಂತರದ ಆವೃತ್ತಿ ಬೇಕು; 1.24ಕ್ಕಿಂತ ಹಳೆಯದಾದರೆ ಅದರ ಸೆಟ್ಟಿಂಗ್ ಕೂಡ ಆನ್ ಮಾಡಬೇಕು.

ಕಲಬುರಗಿಗೆ ಹತ್ತಿರ ಅಂತ ಆ್ಯಪ್ ಒಂದನ್ನೇ ಕ್ಲೌಡ್‌ನ ಹೈದರಾಬಾದ್ ರೀಜನ್‌ಗೆ (ಅಲ್ಲಿನ ಸರ್ವರ್‌ಗಳಿಗೆ) ಒಯ್ಯುವ ಸಲಹೆ ಬಿಟ್ಟೆ. ಡೇಟಾಬೇಸ್ ಮುಂಬೈಯಲ್ಲಿದ್ದರೆ ಪುಟದ ಒಂದೊಂದು ಕ್ವೆರಿಯೂ ಅಲ್ಲಿಗೆ ಹೋಗಿಬರಬೇಕು. ಒಯ್ದರೆ ಎರಡನ್ನೂ ಒಯ್ಯಬೇಕು.

ಇನ್ನು ಉಳಿದದ್ದು ಕ್ರಾನ್, ಅಂದರೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ. ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿ ಓಡುತ್ತದೆ, ಆದ್ದರಿಂದ ಬೆಳಿಗ್ಗೆ 9ಕ್ಕೆ ಕಂಟೈನರ್ ಎಬ್ಬಿಸಲು 3:30 ಅಂತ ಬರೆದಿದೆ.