ಐರಿಷ್ ಕಲಿಯಲಾ, ಹ್ಮಾಂಗ್ ಕಲಿಯಲಾ? ಕಲಿತವರು ಅನುಭವ ಹೇಳಿ

ಸೇಂಟ್ ಪಾಲ್ ಹೊಸಬಳು:
ಎಲ್ಲರಿಗೂ ನಮಸ್ಕಾರ. ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ಮನೆ ಮಾಡಿದ್ದೇವೆ. ಪಕ್ಕದ ಮನೆಯವರು ಲಾವೋಸ್ ಕಡೆಯಿಂದ ಬಂದ ಹ್ಮಾಂಗ್ ಜನ, ಅವರ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಇಲ್ಲಿ ಸಂಜೆ ಐರ್ಲೆಂಡಿನ ಭಾಷೆ ಐರಿಷ್ ತರಗತಿಯೂ ನಡೆಯುತ್ತದೆ, ಆ ಭಾಷೆ ಮೇಲೂ ಮೊದಲಿಂದ ಆಸೆ. ವಾರಕ್ಕೆ ಎರಡು ಸಂಜೆ ಬಿಡುವು. ಖರ್ಚು 300 ಡಾಲರ್ ದಾಟಬಾರದು. ಕನ್ನಡದವರಿಗೆ ಯಾವುದು ಬೇಗ ಹತ್ತುತ್ತದೆ?

ಗಾಲ್ವೇ ಗೌಡ್ರು:
ಐರಿಷ್ ಕಲಿಯಿರಿ, ಬೇರೆ ಮಾತೇ ಇಲ್ಲ. ಶಾಲೆಯಲ್ಲಿ ಓದಿದ ಆದೇಶ ಸಂಧಿ ನೆನಪಿದೆಯಾ? ಮಳೆ, ಕಾಲ ಸೇರಿ ಮಳೆಗಾಲ. ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ. ಐರಿಷ್‌ನಲ್ಲಿ ‘ಉರೂ’ ಅಂತ ಒಂದಿದೆ, ಅದರಲ್ಲೂ ಈ ಮೂರು ಬದಲಾವಣೆ ಹಾಗೇ ಇವೆ. ಮೆಲ್, ಮಾತು ಸೇರಿ ಮೆಲ್ವಾತು ಆಗುತ್ತದಲ್ವಾ? ಅಲ್ಲಿ ತಾಯಿ ‘ಮಾಹಿರ್’, ನನ್ನ ತಾಯಿ ‘ಮೊ ವಾಹಿರ್’. ಜನರನ್ನು ಎಣಿಸಲು ನಮ್ಮ ಇಬ್ಬರು, ಮೂವರು ಥರ ಬೇರೆ ಪದಗಳೇ ಇವೆ. ‘ಬಂದೆಯಾ’ ಅಂದರೆ ನಾವು ‘ಬಂದೆ’ ಅನ್ನುತ್ತೇವೆ. ಅವರೂ ಅಷ್ಟೇ, ಹೌದು-ಇಲ್ಲಕ್ಕೆ ಪದವೇ ಇಲ್ಲ, ಕ್ರಿಯಾಪದವನ್ನೇ ತಿರುಗಿ ಹೇಳುತ್ತಾರೆ.

ಆದರೆ ಯಾವ ಸೀಮೆಯ ಐರಿಷ್ ಅಂತ ಮೊದಲೇ ಕೇಳಿಕೊಳ್ಳಿ. ನನಗೆ ಆನ್‌ಲೈನ್‌ನಲ್ಲಿ ಕಲಿಸಿದವರು ದಕ್ಷಿಣದ ಮನ್ಸ್ಟರ್ ಮಾತು ಕಲಿಸಿ, ಅದು ಮನ್ಸ್ಟರ್ ಅಂತ ಹೇಳಲೇ ಇಲ್ಲ. ‘ಹೇಗಿದ್ದೀರಿ’ ಅನ್ನೋಕೆ ‘ಕುನಸ್ ಅತಾ ತೂ’. ಪಶ್ಚಿಮದ ಕಾನಮಾರಾಗೆ ಹೋದರೆ ಅಲ್ಲಿ ‘ಕೇ ಖೀ ವಿಲ್ ತೂ’. ಉತ್ತರದ ಡಾನಿಗಾಲ್‌ನಲ್ಲಿ ಇನ್ನೊಂದು. ಕಾನಮಾರಾದ ಶಿಬಿರಕ್ಕೆ 260 ಯೂರೋ, ಅಲ್ಲಿನ ಮನೆಯೊಂದರಲ್ಲಿ ಊಟ ವಸತಿಗೆ 390, ಬಸ್ಸಿಗೆ 28, ಮಳೆ ಜಾಕೆಟ್‌ಗೆ 75. ಜೊತೆಗೆ ಆನ್‌ಲೈನ್ ತರಗತಿಗೆ ಕೊಟ್ಟ 320. ಆ 320 ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನರ್ಸಕ್ಕ:
ನಾನೂ ಸೇಂಟ್ ಪಾಲ್‌ನಲ್ಲೇ ಇದ್ದೇನೆ. ಹ್ಮಾಂಗ್ ಕಲಿತೆ, ಕೆಲಸದಲ್ಲಿ ದಿನವೂ ಬಳಸುತ್ತೇನೆ. 1975ರ ನಂತರ ಲಾವೋಸ್‌ನಿಂದ ಥೈಲ್ಯಾಂಡ್ ಶಿಬಿರಗಳ ದಾರಿಯಾಗಿ ಬಂದ ಹಿರಿಯರು ಇಲ್ಲಿ ತುಂಬಾ ಜನ. ನಾವು ‘ಊಟ ಆಯ್ತಾ’ ಅನ್ನೋ ಹಾಗೆ ಅವರೂ ಊಟದ ಬಗ್ಗೆಯೇ ಮೊದಲು ಕೇಳುತ್ತಾರೆ. ಅಷ್ಟು ಅವರ ಭಾಷೆಯಲ್ಲಿ ಕೇಳಿದರೆ ಸಾಕು, ಮಾತ್ರೆ ಬೇಡ ಅಂತ ಮುಖ ತಿರುಗಿಸಿದ್ದವರೂ ಕೈ ಚಾಚುತ್ತಾರೆ.

ಕಷ್ಟ ಇರುವುದು ದನಿಯ ಏರಿಳಿತದಲ್ಲಿ. ‘ಪೊ’ ಅಂತ ಒಂದೇ ಸದ್ದು. ಎತ್ತಿ ಹೇಳಿದರೆ ಚೆಂಡು, ತಗ್ಗಿಸಿದರೆ ಮುಳ್ಳು, ಉಸಿರು ಬೆರೆಸಿದರೆ ಅಜ್ಜಿ, ಗಂಟಲು ಬಿಗಿದರೆ ‘ನೋಡು’. ರೋಮನ್ ಬರವಣಿಗೆಯಲ್ಲಿ ಪದದ ಕೊನೆಯ ಬಿ, ಎಸ್, ಜಿ, ಎಂ ಓದುವುದಕ್ಕಲ್ಲ, ದನಿಯ ಗುರುತು ಅಷ್ಟೇ. ಕ್ರಿಯಾಪದ ಮಾತ್ರ ಎಳ್ಳಷ್ಟೂ ಬದಲಾಗುವುದಿಲ್ಲ. ತ-ಥ, ಟ-ಠ ಬೇರೆ ಮಾಡಿ ಹೇಳಲು ನಮ್ಮ ನಾಲಿಗೆ ಪಳಗಿದೆ. ಅಮೆರಿಕದವರು ಅಲ್ಲೇ ಒದ್ದಾಡುತ್ತಾರೆ.

ಖರ್ಚು: ಸೇರಿದ ತರಗತಿ ಜನ ಸಾಲಲಿಲ್ಲ ಅಂತ ಅರ್ಧಕ್ಕೆ ನಿಂತಿತು. ಕಟ್ಟಿದ 180 ಡಾಲರ್‌ನಲ್ಲಿ ಒಂದು ಪೈಸೆ ವಾಪಸ್ ಬರಲಿಲ್ಲ. ಆಮೇಲೆ ಗಂಟೆಗೆ 25 ಡಾಲರ್ ಕೊಟ್ಟು ಒಬ್ಬ ಹುಡುಗಿಯ ಹತ್ತಿರ ಕಲಿತೆ.

ಗಾಲ್ವೇ ಗೌಡ್ರು:
ಮೇಡಂ, ಹ್ಮಾಂಗ್ ಕಲಿತು ಏನು ಓದುತ್ತೀರಿ? ಐರಿಷ್‌ಗೆ 1996ರಿಂದ ಸ್ವಂತ ಟೀವಿ ಚಾನೆಲ್ ಇದೆ. 2007ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆ. ಸಂವಿಧಾನದಲ್ಲಿ ಇಂಗ್ಲಿಷ್‌ಗಿಂತ ಮೇಲಿನ ಸ್ಥಾನ.

ನರ್ಸಕ್ಕ:
ಸ್ಥಾನ ಇದೆ ಸರ್, ಮಾತಾಡೋರು ಎಲ್ಲಿ? ನಿಮ್ಮದೇ 2022ರ ಜನಗಣತಿ ನೋಡಿ. ಬರುತ್ತದೆ ಅಂದವರು 18 ಲಕ್ಷದ ಮೇಲೆ. ಶಾಲೆಯ ಹೊರಗೆ ದಿನಾ ಮಾತಾಡುವವರು 72 ಸಾವಿರ. ಹ್ಮಾಂಗ್‌ಗೆ ದೇಶ ಇಲ್ಲ, ಸಂವಿಧಾನ ಇಲ್ಲ. ಆದರೆ ನನ್ನ ವಾರ್ಡಿನಲ್ಲಿ ದಿನಾ ಕಿವಿಗೆ ಬೀಳುತ್ತದೆ.

ಡಬ್ಲಿನ್ ಅಮ್ಮ:
ಗೌಡ್ರೇ, ಇಷ್ಟಪಟ್ಟು ಕಲಿತವರಿಗೆ ಐರಿಷ್ ಚಂದ. ಮಕ್ಕಳಿಗೆ ಕಡ್ಡಾಯ ಮಾಡಿದಾಗ ಗೊತ್ತಾಗುತ್ತದೆ. ನಾವು ಬಂದಾಗ ದೊಡ್ಡವನಿಗೆ 13, ವಿನಾಯಿತಿ ಸಿಕ್ಕಿತು. ಚಿಕ್ಕವಳಿಗೆ 9, ಸಿಗಲಿಲ್ಲ. ಗಂಟೆಗೆ 45 ಯೂರೋ ಟ್ಯೂಷನ್, ಅದೂ ವಾರಾವಾರ. ಬೇಸಿಗೆಯಲ್ಲಿ ಐರಿಷ್ ಮಾತಾಡುವ ಊರಿಗೆ ಮೂರು ವಾರ ಕಳಿಸಿದ್ದಕ್ಕೆ 1,150. ಬಸ್ಸು, ಕೈಖರ್ಚು ಬೇರೆ. ಅಲ್ಲಿಂದ ಬಂದ ಮೇಲೆ ಅವಳು ಬಾಯಿ ಬಿಟ್ಟು ಮಾತಾಡಿದಳು, ಸುಳ್ಳು ಹೇಳುವುದಿಲ್ಲ. ಆದರೆ ಶಾಲೆಯಲ್ಲಿ ವರ್ಷಗಟ್ಟಲೆ ಬರೀ ಪದ್ಯ ಬಾಯಿಪಾಠ ಮಾಡಿಸಿದ್ದರು. ಆ ಸಿಟ್ಟು ನನಗೆ ಹೋಗಿಲ್ಲ.

ಗಾಲ್ವೇ ಗೌಡ್ರು:
ಕಲಿಸಿದ ರೀತಿ ತಪ್ಪಾದರೆ ಭಾಷೆಯನ್ನು ಯಾಕೆ ಬೈಯುತ್ತೀರಿ?

ಡಬ್ಲಿನ್ ಅಮ್ಮ:
ಭಾಷೆಯನ್ನು ಎಲ್ಲಿ ಬೈದೆ? ಓದಿ ಉತ್ತರ ಕೊಡಿ.

ಫ್ರೆಸ್ನೊ ಲಿಪಿಕಾರ:
ನರ್ಸಕ್ಕ ಬರೀ ರೋಮನ್ ಬರವಣಿಗೆ ಹೇಳಿದಿರಿ. ಅದು 1950ರ ದಶಕದ ಶುರುವಿನಲ್ಲಿ ಲಾವೋಸ್‌ನಲ್ಲಿ ಮಿಷನರಿಗಳು ಮಾಡಿದ್ದು. ಹ್ಮಾಂಗ್ ಜನರದ್ದೇ ಲಿಪಿ ಇದೆ, ಪಹಾವ್. ಶಾಲೆಯ ಮುಖ ನೋಡದ ರೈತ ಷಾಂಗ್ ಲೂ ಯಾಂಗ್ 1959ರಲ್ಲಿ ಕಟ್ಟಿದ್ದು. ಅದಕ್ಕೆ ಹಿಂಬಾಲಕರು ಹೆಚ್ಚಿದ್ದೇ ಅವರಿಗೆ ಮುಳುವಾಯಿತು, 1971ರಲ್ಲಿ ಕೊಂದರು. ಅಂಥ ಲಿಪಿಯನ್ನು ಬಿಟ್ಟು ಕಲಿಸುವುದು ನನಗೆ ಸರಿ ಕಾಣುವುದಿಲ್ಲ. ಸ್ವರದ ಅಕ್ಷರ ಮೊದಲು ಬರೆದು, ಓದುವಾಗ ವ್ಯಂಜನ ಮೊದಲು ಓದಬೇಕು. ಕೈ ಕೂರಲು ತಿಂಗಳುಗಳೇ ಬೇಕು. 2014ರಲ್ಲಿ ಯೂನಿಕೋಡ್‌ಗೂ ಸೇರಿತು. ಆದರೂ ನನ್ನ ಹಳೇ ಫೋನಿನಲ್ಲಿ ಡಬ್ಬಿಗಳೇ ಕಾಣುತ್ತಿದ್ದವು, ಇದಕ್ಕಾಗಿಯೇ 410 ಡಾಲರ್ ಕೊಟ್ಟು ಬೇರೆ ಕೊಂಡೆ.

ನರ್ಸಕ್ಕ:
ಲಿಪಿಗೆ ಗೌರವ ಇದೆ. ಆದರೆ ಇಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಮೆಸೇಜ್ ಕಳಿಸುವುದು ರೋಮನ್‌ನಲ್ಲೇ. ಎರಡು ಸಂಜೆ ಬಿಡುವಿರುವವರನ್ನು ಪಹಾವ್‌ಗೆ ತಳ್ಳಬೇಡಿ.

ಫ್ರೆಸ್ನೊ ಲಿಪಿಕಾರ:
ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನೀವೇ ಸಿಟ್ಟಾಗುತ್ತೀರಿ. ಬೇರೆಯವರ ಲಿಪಿಗೆ ಬೇರೆ ನ್ಯಾಯವಾ?

ಹುಬ್ಬಳ್ಳಿ ಕಾಕಾ:
ಎಲ್ಲ ಬಿಟ್ಟು ಮೊದಲು ನಿಮ್ಮ ಮಕ್ಕಳಿಗೆ ಕನ್ನಡ ಕಲಿಸ್ರಿ.

ಗಾಲ್ವೇ ಗೌಡ್ರು:
ಕಾಕಾ, ನನ್ನ ಮಗಳು ಅಜ್ಜಿ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ, ಶಾಲೆಯಲ್ಲಿ ಐರಿಷ್ ಪ್ರಬಂಧ ಬರೆಯುತ್ತಾಳೆ. ಒಂದು ಬಂದರೆ ಇನ್ನೊಂದು ಹೋಗುತ್ತದೆ ಅಂತ ಯಾರು ಹೇಳಿದರು?

ಸೇಂಟ್ ಪಾಲ್ ಹೊಸಬಳು:
ನರ್ಸಕ್ಕ, ಆ ಹುಡುಗಿ ಈಗಲೂ ಪಾಠ ಹೇಳುತ್ತಾರಾ? ಗಂಟೆಗೆ 25 ಆದರೆ 300ರಲ್ಲಿ 12 ಗಂಟೆ ಬರುತ್ತದೆ. ಅಷ್ಟರಲ್ಲಿ ಪಕ್ಕದ ಮನೆ ಅಜ್ಜಿಯನ್ನು ಮಾತಾಡಿಸುವಷ್ಟು ಬರುತ್ತದಾ?

ನರ್ಸಕ್ಕ:
ಹೇಳುತ್ತಾಳೆ, ಈಗ 30 ಮಾಡಿದ್ದಾಳೆ. ಮೊದಲ ನಾಲ್ಕು ಗಂಟೆ ದನಿಗೇ ಕೊಡಿ, ಪದ ಕೇಳಬೇಡಿ. ಉಳಿದದ್ದಕ್ಕೆ ಪಕ್ಕದಲ್ಲೇ ಅಜ್ಜಿ ಇದ್ದಾರೆ, ಅವರು ದುಡ್ಡು ಕೇಳುವುದಿಲ್ಲ.