ಸಹಾಯ ಬೇಕು: ಮೂರ್ಛೆರೋಗದ ಮಾತ್ರೆಯ ಜೊತೆ ವಿಜಯಾ ಎಣ್ಣೆ ಕೇಳಿದರೆ ಏನು ಹೇಳಲಿ?

ಔಷಧ ವ್ಯಾಪಾರಿ ಬಂಧುಗಳಿಗೆ ನಮಸ್ಕಾರ. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ನನ್ನದೊಂದು ಸಣ್ಣ ಔಷಧ ಅಂಗಡಿ. ಮೊನ್ನೆ ಸಂಜೆ ಕಾಯಂ ಗಿರಾಕಿ ಅಕ್ಕ ಒಬ್ಬರು ಕಾಯಿಪಲ್ಲೆಯ ಚೀಲದಿಂದ ಕಂದು ಬಾಟಲಿ ತೆಗೆದು ಮುಂದಿಟ್ಟರು. ಆನ್‌ಲೈನ್‌ನಲ್ಲಿ ತರಿಸಿದ ವಿಜಯಾ ಎಣ್ಣೆ, ಅಂದರೆ ಭಂಗಿ ಸೊಪ್ಪಿನದು. "ಅಣ್ಣಾ, ಮಗನ ಮಾತ್ರೆಯ ಜೊತೆ ಇದನ್ನೂ ಕೊಡಲೇ?" ಮಗನಿಗೆ ಮೂರ್ಛೆರೋಗ; ನಡೆಯುತ್ತಿರುವುದು ಕ್ಲೋಬಜಾಮ್.

ಡಾಕ್ಟರನ್ನು ಕೇಳದೆ ಒಂದು ಹನಿಯೂ ಬೇಡ ಎಂದು ಹೇಳಿ ಕಳುಹಿಸಿದೆ. ರಾತ್ರಿ ಕುಳಿತು ಓದಿದಾಗ ಎದೆ ಝಲ್ಲೆಂದಿತು. ಭಂಗಿಯಲ್ಲಿರುವ ಸಿಬಿಡಿ ಎಂಬ ಅಂಶವು ಕ್ಲೋಬಜಾಮ್‌ನಿಂದ ದೇಹದಲ್ಲಿ ಹುಟ್ಟುವ ಸಕ್ರಿಯ ವಸ್ತುವಿನ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ, ಮಂಪರು ಹೆಚ್ಚುತ್ತದೆ. ವಾಲ್‌ಪ್ರೊಯೇಟ್ ಎಂಬ ಮೂರ್ಛೆರೋಗದ ಇನ್ನೊಂದು ಔಷಧದ ಜೊತೆ ಸೇರಿದರೆ ಯಕೃತ್ತಿನ ಕಿಣ್ವಗಳು ಏರಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರೂ ಎಚ್ಚರದಿಂದಿರಬೇಕು. ಡಿ.ಫಾರ್ಮದಲ್ಲಿ ನಾನು ಕಲಿತದ್ದು ಭಂಗಿ ಎಲೆಯ ರೋಮಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದನ್ನಷ್ಟೇ. ಅಂಗಡಿಯಲ್ಲಿ ನಿಂತವರಿಗೆ ಆ ರೋಮದಿಂದ ಏನಾಗಬೇಕು?

ಕಾನೂನು ಅಲ್ಪಸ್ವಲ್ಪ ಗೊತ್ತಿದೆ. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಇರುವ ಗಿಡದ ತುದಿ. ತುದಿಯಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ. ಆಯುರ್ವೇದದ ಭಂಗಿಯು ಔಷಧ ನಿಯಮಗಳ ಅನುಸೂಚಿ ಇ(1)ರಲ್ಲಿ, ಅಂದರೆ ವಿಷಕಾರಿ ವಸ್ತುಗಳ ಪಟ್ಟಿಯಲ್ಲಿದೆ; ಅದಿರುವ ಔಷಧಕ್ಕೆ ವೈದ್ಯರ ನಿಗಾ ಬೇಕು. ಬೀಜದ ಎಣ್ಣೆಯನ್ನು 2021ರಿಂದ ಆಹಾರವಾಗಿ ಮಾರಬಹುದು. ಗಿರಾಕಿಗಳಿಗೆ ಎಲ್ಲವೂ ಒಂದೇ!

ನನಗೆ ಬೇಕಾದದ್ದು ಔಷಧಗಳ ಪರಸ್ಪರ ಪರಿಣಾಮ ಕಲಿಸುವ ತರಬೇತಿ. ಧಾರವಾಡ, ಗದಗದಲ್ಲಿ ಯಾರಾದರೂ ನಡೆಸುತ್ತಾರೆಯೇ? ಬಾಟಲಿಯ ಮೇಲಿನ ಸಿಬಿಡಿ ಮತ್ತು ಮತ್ತೇರಿಸುವ ಅಂಶವಾದ ಟಿಎಚ್‌ಸಿ ಪ್ರಮಾಣವನ್ನು ಓದುವುದು ಹೇಗೆಂದು ಬಲ್ಲವರು ತಿಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಸಂದೇಶಗಳು ದಯವಿಟ್ಟು ಬೇಡ. ಅಕ್ಕ ಸೋಮವಾರ ಮತ್ತೆ ಬರುತ್ತಾರೆ.